ಹೆಂಡತಿಗೆ ಎನ್‌ಎಚ್‌ಎಸ್ ಪೆನ್ಷನ್, ನನಗೆ ಕಂಪನಿಯ ಕನಿಷ್ಠ: ಮುಷ್ಕರದ ವಿಷಯದಲ್ಲಿ ಯಾರು ಸರಿ?

ಪ್ರಶ್ನೆ: ನಾವು ಇಂಗ್ಲೆಂಡಿಗೆ ಬಂದು ನಾಲ್ಕು ವರ್ಷ ಆಯಿತು. ನಾನು ಖಾಸಗಿ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ, ಸಂಬಳ ವರ್ಷಕ್ಕೆ 60,000 ಪೌಂಡ್. ಹೆಂಡತಿ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ನರ್ಸ್, ಸಂಬಳ 36,000. ಮುಷ್ಕರಕ್ಕೆ ಮತ ಕೇಳಿ ಯೂನಿಯನ್‌ನಿಂದ ಕಾಗದ ಬಂದಾಗಲೆಲ್ಲ ಅವಳು ‘ಹೌದು’ ಅಂತಲೇ ಹಾಕುತ್ತಾಳೆ. ಮೊನ್ನೆ ನಾನು ‘ನಿಮಗೆ ಚಿನ್ನದಂಥ ಪೆನ್ಷನ್ ಇದೆ, ಅದೂ ನನ್ನ ತೆರಿಗೆ ದುಡ್ಡಲ್ಲಿ. ನಮಗೆ ಅದೂ ಇಲ್ಲ. ನಾವೇನು ಮುಷ್ಕರ ಮಾಡ್ತೀವಾ?’ ಅಂದೆ. ಎರಡು ದಿನ ಮಾತಿಲ್ಲ. ಈಗ ಅವಳು ‘ಅಷ್ಟು ಚುಚ್ಚೋದಾದ್ರೆ ಪೆನ್ಷನ್ನೇ ಬಿಟ್ಟುಬಿಡ್ತೀನಿ, ಕೈಗೆ ದುಡ್ಡಾದರೂ ಬರಲಿ, ಹೇಗೂ ಊರಿಗೆ ವಾಪಸ್ ಹೋಗ್ತೀವಲ್ಲ’ ಅನ್ನುತ್ತಿದ್ದಾಳೆ. ಮುಷ್ಕರ ಮಾಡಿದರೆ ಪೆನ್ಷನ್‌ಗೆ, ವೀಸಾಕ್ಕೆ ತೊಂದರೆ ಆಗುತ್ತದಾ? ನಾನು ಅಂದದ್ದು ತಪ್ಪಾ?

ಉತ್ತರ: ಪೆನ್ಷನ್ ಬಿಡುವ ಫಾರ್ಮ್ ಇನ್ನೂ ಕೊಟ್ಟಿಲ್ಲ ತಾನೆ? ಕೊಡಬೇಡಿ ಅಂತ ಮೊದಲು ಹೇಳಿ. ಜಗಳದ ವಿಚಾರ ಆಮೇಲೆ.

36,000 ಸಂಬಳದ ಮೇಲೆ ನಿಮ್ಮ ಮನೆಯವರು ತಮ್ಮ ಕಡೆಯಿಂದ ಕಟ್ಟುತ್ತಿರುವುದು 9.8 ಶೇಕಡಾ. ಅಂದರೆ ವರ್ಷಕ್ಕೆ 3,528 ಪೌಂಡ್. ಇದು ಆದಾಯ ತೆರಿಗೆಗೆ ಮುಂಚೆಯೇ ಕಡಿತವಾಗುತ್ತದೆ. ಹಾಗಾಗಿ ಯೋಜನೆ ಬಿಟ್ಟರೆ ಅಷ್ಟೂ ದುಡ್ಡು ಕೈಗೆ ಬರುವುದಿಲ್ಲ. 20 ಶೇಕಡಾ ತೆರಿಗೆ ಕಳೆದು 2,822 ಬರುತ್ತದೆ, ತಿಂಗಳಿಗೆ ಸುಮಾರು 235. ಕಡಿಮೆ ದುಡ್ಡೇನಲ್ಲ. ಬಾಡಿಗೆ ಕಟ್ಟುವವರಿಗೆ ಅದರ ಬೆಲೆ ಗೊತ್ತು.

ಅದಕ್ಕೆ ಬದಲಾಗಿ ಬಿಟ್ಟುಕೊಡುವುದೇನು ಅಂತ ನೋಡಿ. ಅವರು ಇರುವುದು ಎನ್‌ಎಚ್‌ಎಸ್‌ನ 2015ರ ಯೋಜನೆಯಲ್ಲಿ. ಅಲ್ಲಿ ಪ್ರತಿ ವರ್ಷದ ಸಂಬಳದ 54ನೇ ಒಂದು ಭಾಗ ಪೆನ್ಷನ್ ಆಗಿ ಸೇರುತ್ತದೆ. 36,000ವನ್ನು 54ರಿಂದ ಭಾಗಿಸಿ: 667 ಪೌಂಡ್. ಈ ಒಂದು ವರ್ಷ ಕೆಲಸ ಮಾಡಿದ್ದಕ್ಕೆ, ಪೆನ್ಷನ್ ವಯಸ್ಸಾದ ಮೇಲೆ ಪ್ರತಿ ವರ್ಷ 667 ಪೌಂಡ್, ಬದುಕಿರುವವರೆಗೂ. ಅದೂ 667ರಲ್ಲೇ ನಿಲ್ಲುವುದಿಲ್ಲ. ಕೆಲಸದಲ್ಲಿರುವಷ್ಟು ದಿನ ಪ್ರತಿ ವರ್ಷ ಹಣದುಬ್ಬರದ ಮೇಲೆ ಇನ್ನೂ ಒಂದೂವರೆ ಶೇಕಡಾ ಸೇರಿಸಿ ಏರಿಸುತ್ತಾರೆ. ಕೆಲಸ ಬಿಟ್ಟ ಮೇಲೂ, ಪೆನ್ಷನ್ ಶುರುವಾದ ಮೇಲೂ ಹಣದುಬ್ಬರದಷ್ಟು ಏರುತ್ತಲೇ ಇರುತ್ತದೆ. ಈಗ ಕೈಗೆ ಸಿಗುವ 2,822 ಪೌಂಡನ್ನು ಆ ಪೆನ್ಷನ್ ನಾಲ್ಕೂಕಾಲು ವರ್ಷದಲ್ಲಿ ವಾಪಸ್ ಕೊಟ್ಟುಬಿಡುತ್ತದೆ. ಅದರಾಚೆಗೆ ಬರುವುದೆಲ್ಲ ಲಾಭ.

ಇನ್ನೊಂದು ವಿಷಯ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೆಲಸದಲ್ಲಿರುವಾಗ ಸದಸ್ಯರು ತೀರಿಕೊಂಡರೆ ಮನೆಯವರಿಗೆ ಎರಡು ವರ್ಷದ ಸಂಬಳದಷ್ಟು ಒಂದೇ ಕಂತಿನಲ್ಲಿ ಬರುತ್ತದೆ. ಅದರ ಜೊತೆಗೆ ಸಂಗಾತಿಗೆ ಪೆನ್ಷನ್ನೂ ಇದೆ. ಯೋಜನೆ ಬಿಟ್ಟ ದಿನ ಈ ರಕ್ಷಣೆಯೂ ಹೋಯಿತು. ಇಲ್ಲಿ ಹತ್ತಿರದ ಬಂಧುಗಳಿಲ್ಲದೆ ಇಬ್ಬರೇ ಬದುಕುತ್ತಿರುವ ನಿಮ್ಮಂಥವರಿಗೆ ಇದು ಪೆನ್ಷನ್‌ಗಿಂತ ಮುಂಚೆ ಬೇಕಾಗಬಹುದಾದ ವಸ್ತು.

ಮುಷ್ಕರದ ಪ್ರಶ್ನೆ ಬೇಗ ಮುಗಿಸಬಹುದು. ಮುಷ್ಕರದ ದಿನ ಸಂಬಳ ಇಲ್ಲ. ಸಂಬಳ ಇಲ್ಲದ ದಿನಕ್ಕೆ ಪೆನ್ಷನ್ನೂ ಸೇರುವುದಿಲ್ಲ. ಅವರ ಒಂದು ದಿನದ ಸಂಬಳ ಸುಮಾರು 138 ಪೌಂಡ್ ಅಂತಿಟ್ಟುಕೊಳ್ಳಿ. 54ರಿಂದ ಭಾಗಿಸಿದರೆ 2 ಪೌಂಡ್ 56 ಪೆನ್ಸ್. ಒಂದು ದಿನದ ಮುಷ್ಕರದಿಂದ ಮುಂದೆ ಬರುವ ವಾರ್ಷಿಕ ಪೆನ್ಷನ್‌ನಲ್ಲಿ ಕಡಿಮೆಯಾಗುವುದು ಇಷ್ಟೇ. ಎಂಟು ದಿನ ಹೊರಗೆ ನಿಂತರೂ ವರ್ಷಕ್ಕೆ 20 ಪೌಂಡ್ ಚಿಲ್ಲರೆ. ಹಿಂದಿನ ವರ್ಷಗಳದ್ದು ಹಾಗೇ ಇರುತ್ತದೆ, ಅದನ್ನು ಯಾರೂ ಮುಟ್ಟುವುದಿಲ್ಲ. ‘ಮುಷ್ಕರ ಮಾಡಿದರೆ ಪೆನ್ಷನ್ ಹೋಗುತ್ತೆ’ ಅನ್ನುವುದು ಊಟದ ಕೋಣೆಯಲ್ಲಿ ಹುಟ್ಟುವ ಸುದ್ದಿ.

ವೀಸಾ ಕೂಡ ಹಾಗೇ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿರುವವರು ವರ್ಷದಲ್ಲಿ ನಾಲ್ಕು ವಾರಕ್ಕಿಂತ ಹೆಚ್ಚು ಸಂಬಳವಿಲ್ಲದೆ ಗೈರಾದರೆ ಸ್ಪಾನ್ಸರ್‌ಶಿಪ್‌ಗೆ ತೊಂದರೆ ಆಗಬಹುದು. ಆದರೆ ಕಾನೂನುಬದ್ಧವಾಗಿ ನಡೆಯುವ ಮುಷ್ಕರದ ದಿನಗಳನ್ನು ಆ ಲೆಕ್ಕದಿಂದ ಹೊರಗಿಟ್ಟಿದ್ದಾರೆ. ಯೂನಿಯನ್ ಸರಿಯಾಗಿ ಮತದಾನ ಮಾಡಿಸಿ, ನೋಟಿಸ್ ಕೊಟ್ಟು ಕರೆದ ಮುಷ್ಕರ ಆಗಿರಬೇಕು, ಅಷ್ಟೇ. ಹೊರದೇಶದಿಂದ ಬಂದ ಎಷ್ಟೋ ನರ್ಸ್‌ಗಳು ಇದು ಗೊತ್ತಿಲ್ಲದೆ ಹೆದರಿ ಒಳಗೇ ಉಳಿಯುತ್ತಾರೆ.

ಈಗ ಜಗಳಕ್ಕೆ ಬರೋಣ.

ನೀವು ಹೇಳಿದ್ದರಲ್ಲಿ ಅರ್ಧ ಸರಿ. ಅವರ ಪೆನ್ಷನ್ ನಿಮ್ಮದಕ್ಕಿಂತ ಬಹಳ ಒಳ್ಳೆಯದು. ಎಷ್ಟು ಒಳ್ಳೆಯದು ಅಂತ ನಿಮಗೂ ಪೂರ್ತಿ ಗೊತ್ತಿರಲಿಕ್ಕಿಲ್ಲ. ನಿಮ್ಮ ಮಾತಿನಿಂದ ನೋಡಿದರೆ ಕಂಪನಿ ಕಾನೂನಿನ ಕನಿಷ್ಠ ಮಾತ್ರ ಕಟ್ಟುತ್ತಿದೆ, ನೀವೂ ಅಷ್ಟೇ. ಆ ಕನಿಷ್ಠ ಎಂಟು ಶೇಕಡಾ: ಕಂಪನಿಯದು ಮೂರು, ನಿಮ್ಮದು ಐದು. ಅದೂ ಪೂರ್ತಿ ಸಂಬಳದ ಮೇಲಲ್ಲ. 6,240ರಿಂದ 50,270ರವರೆಗಿನ ಭಾಗದ ಮೇಲೆ ಮಾತ್ರ. 44,030ಕ್ಕೆ ಎಂಟು ಶೇಕಡಾ ಹಾಕಿ: 3,522 ಪೌಂಡ್.

ಮೇಲಿನ ಲೆಕ್ಕ ಮತ್ತೊಮ್ಮೆ ನೋಡಿ. ನಿಮ್ಮ ಹೆಂಡತಿ ಒಬ್ಬರೇ, ತಮ್ಮ ಜೇಬಿನಿಂದ ಕಟ್ಟುತ್ತಿರುವುದು 3,528. ನೀವೂ ನಿಮ್ಮ ಕಂಪನಿಯೂ ಸೇರಿ ಕಟ್ಟುತ್ತಿರುವುದು 3,522. ಅವರ ಸಂಬಳ ನಿಮ್ಮದರ ಅರವತ್ತು ಶೇಕಡಾ. ಆದರೂ ಅವರ ಪಾಲು ನಿಮ್ಮಿಬ್ಬರ ಪಾಲಿಗಿಂತ ಆರು ಪೌಂಡ್ ಜಾಸ್ತಿ! ‘ಪುಕ್ಕಟೆ ಪೆನ್ಷನ್’ ಅನ್ನುವ ಮಾತು ಇಲ್ಲಿಗೆ ನಿಲ್ಲಬೇಕು. ಮಾಲೀಕರ ಕಡೆಯಿಂದ ಎನ್‌ಎಚ್‌ಎಸ್ ಕಟ್ಟುವುದು, 2024ರ ಏಪ್ರಿಲ್‌ನಿಂದ, 23.7 ಶೇಕಡಾ. 36,000ದ ಮೇಲೆ ಅದು 8,532 ಪೌಂಡ್. ಇದು ಅವರ ಪೇ ಸ್ಲಿಪ್‌ನಲ್ಲಿ ಕಾಣುವುದಿಲ್ಲ. ಕಾಣದ ದುಡ್ಡಿಗೆ ಬೆಲೆ ಕಟ್ಟುವುದು ಕಷ್ಟ, ಹಾಗಾಗಿ ನರ್ಸ್‌ಗಳೂ ತಮ್ಮ ಪೆನ್ಷನ್ನನ್ನು ಸಂಬಳ ಅಂತ ನೋಡುವುದು ಕಡಿಮೆ.

ತೆರಿಗೆ ಇಲಾಖೆ ನೋಡುತ್ತದೆ. ವರ್ಷಕ್ಕೆ ಎಷ್ಟು ಪೆನ್ಷನ್ ಸೇರಿಸಬಹುದು ಅನ್ನುವ ಮಿತಿ ಲೆಕ್ಕ ಹಾಕುವಾಗ, ಇಂಥ ಭರವಸೆಯ ಪೆನ್ಷನ್‌ಗೆ ಅದು 16 ಪಟ್ಟು ಬೆಲೆ ಕಟ್ಟುತ್ತದೆ. ಅವರ 667ಕ್ಕೆ 16 ಪಟ್ಟು ಅಂದರೆ ಸುಮಾರು 10,670. ನಿಮ್ಮದಕ್ಕೆ ಕಟ್ಟಿದಷ್ಟೇ ಬೆಲೆ, 3,522. ಅಂತರ ಅಷ್ಟಿದೆ. ಅದರ ಜೊತೆಗೆ ಅಪಾಯ ಯಾರ ತಲೆ ಮೇಲೆ ಅನ್ನುವುದೂ ಇದೆ. ಷೇರು ಮಾರುಕಟ್ಟೆ ಬಿದ್ದರೆ ನಿಮ್ಮ ಗಂಟು ಕರಗುತ್ತದೆ. ನೀವು 97 ವರ್ಷ ಬದುಕಿದರೆ ಗಂಟು ಮೊದಲೇ ಖಾಲಿಯಾಗಬಹುದು. ಅವರಿಗೆ ಆ ಎರಡೂ ಚಿಂತೆ ಇಲ್ಲ, ಅದನ್ನು ಸರ್ಕಾರ ಹೊತ್ತಿದೆ.

ಇಷ್ಟು ನಿಮ್ಮ ಪರ. ಪೆನ್ಷನ್ ಇದ್ದ ಮೇಲೆ ಮುಷ್ಕರ ಯಾಕೆ ಅನ್ನುವ ಹಾಗೆ ಮಾತಾಡಿದಿರಲ್ಲ, ಅಲ್ಲಿ ತಪ್ಪಿದ್ದೀರಿ.

2022ರ ಚಳಿಗಾಲ ನೆನಪಿದೆಯಾ? ನೀವು ಆಗಷ್ಟೇ ಬಂದಿರಬೇಕು. ಆ ಅಕ್ಟೋಬರ್‌ನಲ್ಲಿ ಹಣದುಬ್ಬರ 11.1 ಶೇಕಡಾ ಮುಟ್ಟಿತ್ತು. ನರ್ಸ್‌ಗಳಿಗೆ ಆ ವರ್ಷ ಕೊಟ್ಟದ್ದು ಬಹುಪಾಲು 1,400 ಪೌಂಡ್ ಏರಿಕೆ, ಸಾಧಾರಣ ನರ್ಸ್‌ಗೆ ನಾಲ್ಕು ಶೇಕಡಾ ಆಸುಪಾಸು. 1916ರಲ್ಲಿ ಹುಟ್ಟಿದ ರಾಯಲ್ ಕಾಲೇಜ್ ಆಫ್ ನರ್ಸಿಂಗ್, ಇಂಗ್ಲೆಂಡಿನಲ್ಲಿ ಹಿಂದೆಂದೂ ಇಂಥ ಮುಷ್ಕರ ಮಾಡಿರಲಿಲ್ಲ. ಡಿಸೆಂಬರ್ 15 ಮತ್ತು 20ರಂದು ಮಾಡಿತು. ಕೇಳಿದ್ದು ಆರ್‌ಪಿಐ ಅನ್ನುವ, ಇನ್ನೂ ಮೇಲಿದ್ದ ಹಣದುಬ್ಬರದ ಅಳತೆಯ ಮೇಲೆ ಐದು ಶೇಕಡಾ, ಒಟ್ಟು ಸುಮಾರು 19. ಕೊನೆಗೆ ಬಂದದ್ದು 2023–24ಕ್ಕೆ ಐದು ಶೇಕಡಾ ಮತ್ತು ಒಂದು ಸಲದ ಇಡಿಗಂಟು.

ಅದೇ ಹೊತ್ತಿನಲ್ಲಿ ಪೆನ್ಷನ್ ಕಡೆ ಏನಾಯಿತು ಗೊತ್ತಾ? 2022ರ ಸೆಪ್ಟೆಂಬರ್‌ನ ಹಣದುಬ್ಬರ 10.1. ಅದಕ್ಕೆ ಒಂದೂವರೆ ಸೇರಿಸಿ, ಅವರು ಆವರೆಗೆ ಗಳಿಸಿದ್ದ ಪೆನ್ಷನ್ ಮರುವರ್ಷ 11.6 ಶೇಕಡಾ ಏರಿತು. ಅರವತ್ತೆಂಟನೇ ವಯಸ್ಸಿನ ದುಡ್ಡು 11.6 ಏರಿತು, ಈ ತಿಂಗಳ ಕರೆಂಟ್ ಬಿಲ್ ಕಟ್ಟುವ ದುಡ್ಡು ಅದರ ಅರ್ಧವೂ ಏರಲಿಲ್ಲ. ಆ ಮುಷ್ಕರ ನಡೆದದ್ದು ಪೆನ್ಷನ್‌ಗಾಗಿ ಅಲ್ಲವೇ ಅಲ್ಲ. ‘ನಿಮಗೆ ಪೆನ್ಷನ್ ಇದೆಯಲ್ಲ’ ಅಂದರೆ, ಹಸಿದವರಿಗೆ ‘ಕಣಜದಲ್ಲಿ ಬೀಗ ಹಾಕಿದ ಭತ್ತ ಇದೆಯಲ್ಲ’ ಅಂದ ಹಾಗೆ. ಭತ್ತ ಇರುವುದು ನಿಜ. ಬೀಗ 68 ವರ್ಷ ಆದ ಮೇಲೆ ತೆಗೆಯುತ್ತಾರೆ.

ಅಂದಹಾಗೆ 68 ಅಂತ ಸುಮ್ನೆ ಹೇಳಲಿಲ್ಲ. 2015ರ ಯೋಜನೆಯಲ್ಲಿ ಪೂರ್ತಿ ಪೆನ್ಷನ್ ಸಿಗುವ ವಯಸ್ಸು ಸರ್ಕಾರಿ ವೃದ್ಧಾಪ್ಯ ಪೆನ್ಷನ್‌ನ ವಯಸ್ಸಿಗೆ ಕಟ್ಟುಬಿದ್ದಿದೆ. ಮೂವತ್ತರ ಆಸುಪಾಸಿನಲ್ಲಿರುವವರಿಗೆ ಈಗಿನ ಕಾನೂನಿನ ಪ್ರಕಾರ ಅದು 68. ಹನ್ನೆರಡು ಗಂಟೆ ಶಿಫ್ಟ್‌ನಲ್ಲಿ ರೋಗಿಯನ್ನು ಎತ್ತಿ ಮಗ್ಗುಲು ಬದಲಿಸುವ ಕೆಲಸವನ್ನು 67ರಲ್ಲಿ ಮಾಡುವುದು ಹೇಗೆ ಅಂತ ಅವರನ್ನೇ ಕೇಳಿ. ಮೊದಲೇ ತೆಗೆದುಕೊಳ್ಳಬಹುದು, ಆದರೆ ಮುಂಚಿನ ಪ್ರತಿ ವರ್ಷಕ್ಕೂ ಕಡಿತ ಬೀಳುತ್ತದೆ.

‘ನಾವೇನು ಮುಷ್ಕರ ಮಾಡ್ತೀವಾ’ ಅಂದಿರಿ. ಮಾಡುತ್ತೀರಿ. ಅದಕ್ಕೆ ಬೇರೆ ಹೆಸರು.

ಸಂಬಳ ಸಾಲದು ಅನ್ನಿಸಿದಾಗ ನೀವು ಏನು ಮಾಡುತ್ತೀರಿ? ಸಿವಿ ತಿದ್ದಿ, ನಾಲ್ಕು ಕಡೆ ಇಂಟರ್‌ವ್ಯೂ ಕೊಟ್ಟು, ಬಂದ ಆಫರ್ ಹಿಡಿದು ಮ್ಯಾನೇಜರ್ ಮುಂದೆ ಕೂರುತ್ತೀರಿ. ಏರಿಸಿದರೆ ಸರಿ, ಇಲ್ಲದಿದ್ದರೆ ಹೊರಟಿರಿ. ಅದು ಒಬ್ಬನೇ ಮಾಡುವ ಮುಷ್ಕರ. ನರ್ಸ್‌ಗೆ ಆ ದಾರಿ ಕಿರಿದು. ಎನ್‌ಎಚ್‌ಎಸ್‌ನ ಒಂದು ಆಸ್ಪತ್ರೆ ಬಿಟ್ಟು ಇನ್ನೊಂದಕ್ಕೆ ಹೋದರೂ ಅದೇ ಬ್ಯಾಂಡ್, ಅದೇ ಸಂಬಳದ ಪಟ್ಟಿ. ಆ ಪಟ್ಟಿಯ ಬಗ್ಗೆ ಸಂಬಳ ಪರಿಶೀಲನಾ ಮಂಡಳಿ ಶಿಫಾರಸು ಮಾಡುತ್ತದೆ, ಸರ್ಕಾರ ತೀರ್ಮಾನ ಮಾಡುತ್ತದೆ. ಖಾಸಗಿ ಆಸ್ಪತ್ರೆ, ಏಜೆನ್ಸಿ ಇವೆ. ಆದರೆ ವೀಸಾ ಸ್ಪಾನ್ಸರ್‌ಗೆ ಕಟ್ಟುಬಿದ್ದವರಿಗೆ ಅದೂ ಸಲೀಸಲ್ಲ. ಒಬ್ಬನೇ ಮಾಲೀಕ ಇರುವಾಗ ‘ಬೇರೆ ಕಡೆ ಹೋಗ್ತೀನಿ’ ಅನ್ನುವ ಬೆದರಿಕೆಗೆ ಬೆಲೆ ಇಲ್ಲ. ಉಳಿಯುವುದು ಎಲ್ಲರೂ ಒಟ್ಟಿಗೆ ಒಂದು ದಿನ ಹೊರಗೆ ನಿಲ್ಲುವುದು. ಸರ್ಕಾರಿ ವಲಯದಲ್ಲಿ ಸುಮಾರು ಅರ್ಧದಷ್ಟು ಜನ ಯೂನಿಯನ್‌ನಲ್ಲಿದ್ದಾರೆ. ಖಾಸಗಿಯಲ್ಲಿ ಎಂಟು ಜನರಲ್ಲಿ ಒಬ್ಬರು. ಮಾಲೀಕರ ಸಂಖ್ಯೆ ನೋಡಿದರೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ.

ಹಾಗಂತ ಮುಷ್ಕರ ಅಂದರೆ ಬಟನ್ ಒತ್ತಿದ ಹಾಗಲ್ಲ. 2016ರ ಟ್ರೇಡ್ ಯೂನಿಯನ್ ಕಾಯ್ದೆ ಬಂದ ಮೇಲೆ ಸದಸ್ಯರಲ್ಲಿ ಅರ್ಧದಷ್ಟಾದರೂ ಮತ ಹಾಕಿರಬೇಕು ಅಂತಾಯಿತು. ಮತ ಪತ್ರ ಅಂಚೆಯಲ್ಲೇ ಹೋಗಿ ಬರಬೇಕಿತ್ತು. 2023ರ ಬೇಸಿಗೆಯಲ್ಲಿ ನರ್ಸ್‌ಗಳ ಎರಡನೇ ಮತದಾನ ಬಿದ್ದುಹೋದದ್ದು ವಿರೋಧದಿಂದಲ್ಲ. ಮತ ಹಾಕಿದವರು 43 ಶೇಕಡಾ ಮಾತ್ರ, ಅದಕ್ಕೆ.

ಪೆನ್ಷನ್‌ಗಾಗಿಯೇ ನಡೆದ ದೊಡ್ಡ ಮುಷ್ಕರ 2011ರದ್ದು. ಅದರ ಕಥೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ನೀವು ಅಂದ ‘ಚಿನ್ನದಂಥ’ ಅನ್ನುವ ಪದ ಆಗ ಬಹಳ ಓಡಾಡುತ್ತಿತ್ತು. 2008ರ ಬ್ಯಾಂಕ್ ಕುಸಿತದ ನಂತರ ಬಂದ ಸರ್ಕಾರ ಖರ್ಚು ಕಡಿತಕ್ಕೆ ಹೊರಟಿತು. ಲಾರ್ಡ್ ಹಟ್ಟನ್ ಅವರಿಗೆ ಸರ್ಕಾರಿ ಪೆನ್ಷನ್ ಪರಿಶೀಲಿಸುವ ಕೆಲಸ ಕೊಟ್ಟಿತು. ಪತ್ರಿಕೆಗಳೆಲ್ಲ ಚಿನ್ನದ ಲೇಪನದ ಪೆನ್ಷನ್ ಅಂತ ಬರೆಯುತ್ತಿದ್ದವು. ಹಟ್ಟನ್ ಅದನ್ನು ಒಪ್ಪಲಿಲ್ಲ. ಆಗ ಪಾವತಿಯಾಗುತ್ತಿದ್ದ ಸರಾಸರಿ ಸರ್ಕಾರಿ ಪೆನ್ಷನ್ ವರ್ಷಕ್ಕೆ ಸುಮಾರು 7,800 ಪೌಂಡ್, ಅರ್ಧದಷ್ಟು ಜನಕ್ಕೆ 5,600ಕ್ಕಿಂತ ಕಡಿಮೆ. ಪಾರ್ಟ್‌ಟೈಮ್ ದುಡಿದವರು, ಮಕ್ಕಳಿಗಾಗಿ ಕೆಲಸ ಬಿಟ್ಟವರು, ಅಡುಗೆಯವರು, ಕಸ ಗುಡಿಸುವವರು ಎಲ್ಲ ಅದರಲ್ಲಿದ್ದರು. ದೊಡ್ಡ ಅಧಿಕಾರಿಯ ಪೆನ್ಷನ್ ಹಿಡಿದು ಎಲ್ಲರಿಗೂ ಒಂದೇ ಬಣ್ಣ ಬಳಿದಿದ್ದರು.

ಆದರೂ ಬದಲಾವಣೆ ಬೇಕು ಅಂತಲೇ ಹಟ್ಟನ್ ಬರೆದರು. ಕೊನೆಯ ಸಂಬಳದ ಮೇಲೆ ಪೆನ್ಷನ್ ಕೊಡುವುದರಲ್ಲಿ ಅನ್ಯಾಯ ಇತ್ತು, ಅದು ನಿಜ. ಕೊನೆಗಾಲದಲ್ಲಿ ದೊಡ್ಡ ಹುದ್ದೆಗೆ ಏರಿದವರಿಗೆ ಲಾಭ, ನಲವತ್ತು ವರ್ಷ ಒಂದೇ ದರ್ಜೆಯಲ್ಲಿ ದುಡಿದವರಿಗೆ ನಷ್ಟ. ಹಾಗಾಗಿ ಇಡೀ ಸೇವೆಯ ಸರಾಸರಿ ಸಂಬಳದ ಲೆಕ್ಕ ಬಂತು. ಆ ಭಾಗ ನನಗೆ ಸರಿ ಅನ್ನಿಸುತ್ತದೆ. ಜನಕ್ಕೆ ಸಿಟ್ಟು ಬಂದದ್ದು ಅದರ ಸುತ್ತ ಸೇರಿಕೊಂಡ ಉಳಿದ ಬದಲಾವಣೆಗಳಿಗೆ. ನೌಕರರ ಕಂತು ಸರಾಸರಿ 3.2 ಶೇಕಡಾವಾರು ಅಂಶ ಏರಿತು. ಪೆನ್ಷನ್ ವಯಸ್ಸು ಮುಂದಕ್ಕೆ ಹೋಯಿತು. ವಾರ್ಷಿಕ ಏರಿಕೆಯನ್ನು ಆರ್‌ಪಿಐ ಬದಲು ಸಾಮಾನ್ಯವಾಗಿ ಅದಕ್ಕಿಂತ ಕೆಳಗಿರುವ ಸಿಪಿಐ ಅನ್ನುವ ಇನ್ನೊಂದು ಹಣದುಬ್ಬರದ ಅಳತೆಗೆ ಕಟ್ಟಿದರು. ಈ ಕೊನೆಯದು ಕೇಳಲಿಕ್ಕೆ ಸಣ್ಣದು. ಇಪ್ಪತ್ತೈದು ವರ್ಷ ಪೆನ್ಷನ್ ತೆಗೆದುಕೊಳ್ಳುವವರಿಗೆ ದೊಡ್ಡ ಕಡಿತ.

2011ರ ನವೆಂಬರ್ 30ರಂದು ಶಿಕ್ಷಕರು, ನರ್ಸ್‌ಗಳು, ಕಚೇರಿ ನೌಕರರು ಎಲ್ಲ ಹೊರಗೆ ಬಂದರು. ಯೂನಿಯನ್‌ಗಳ ಲೆಕ್ಕದಲ್ಲಿ 20 ಲಕ್ಷ ಜನ. ಶಾಲೆಗಳು ಮುಚ್ಚಿದವು, ಆಪರೇಷನ್‌ಗಳು ಮುಂದಕ್ಕೆ ಹೋದವು. ಸಿಕ್ಕಿದ್ದೇನು? ಯೋಜನೆಯ ಮೂಲ ಆಕಾರ ಬದಲಾಗಲಿಲ್ಲ. ಪೆನ್ಷನ್ ವಯಸ್ಸಿಗೆ ಹತ್ತು ವರ್ಷ ಅಥವಾ ಅದಕ್ಕಿಂತ ಕಡಿಮೆ ಉಳಿದಿದ್ದವರನ್ನು ಹಳೆಯದರಲ್ಲೇ ಬಿಡುತ್ತೇವೆ ಅಂತ ಸರ್ಕಾರ ಮುಷ್ಕರಕ್ಕೆ ಮುಂಚೆ, ಆ ನವೆಂಬರ್ ಆರಂಭದಲ್ಲೇ ಹೇಳಿತ್ತು. 2015ರಲ್ಲಿ ಹೊಸ ಯೋಜನೆ ಜಾರಿಗೆ ಬಂತು.

ತಮಾಷೆ ಇರುವುದು ಇದರ ಮುಂದೆ. ಹಿರಿಯರನ್ನು ಮಾತ್ರ ಉಳಿಸಿದ್ದು ವಯಸ್ಸಿನ ತಾರತಮ್ಯ ಅಂತ ಕಿರಿಯ ನ್ಯಾಯಾಧೀಶರೂ ಅಗ್ನಿಶಾಮಕರೂ ಕೋರ್ಟಿಗೆ ಹೋದರು. 2018ರ ಡಿಸೆಂಬರ್‌ನಲ್ಲಿ ಅಪೀಲು ನ್ಯಾಯಾಲಯ ಹೌದು ಅಂದಿತು. ಮೆಕ್ಲೌಡ್ ತೀರ್ಪು ಅಂತ ಕರೆಯುತ್ತಾರೆ. ಆ ಮೇಲೆ 2015ರಿಂದ 2022ರ ಮಾರ್ಚ್‌ವರೆಗಿನ ಏಳು ವರ್ಷಕ್ಕೆ, ಹಳೆಯ ಲೆಕ್ಕವೋ ಹೊಸ ಲೆಕ್ಕವೋ ಅಂತ ಆರಿಸಿಕೊಳ್ಳುವ ಹಕ್ಕು ಲಕ್ಷಾಂತರ ನೌಕರರಿಗೆ ಬಂತು. 20 ಲಕ್ಷ ಜನ ಬೀದಿಗಿಳಿದು ಪಡೆಯಲಾಗದ್ದನ್ನು ಕೆಲವರು ಕೋರ್ಟಿನಲ್ಲಿ ಪಡೆದರು. ಅದೂ ಮುಷ್ಕರ ತಪ್ಪಿಸಲಿಕ್ಕೆ ಸರ್ಕಾರ ಕೊಟ್ಟ ರಿಯಾಯಿತಿಯನ್ನೇ ಹಿಡಿದುಕೊಂಡು. ನಿಮ್ಮ ಮನೆಯವರು ಆಮೇಲೆ ಸೇರಿದವರು, ಅವರಿಗೆ ಇದು ಅನ್ವಯಿಸುವುದಿಲ್ಲ.

ಈಗ ‘ನಮಗೆ ಅದೂ ಇಲ್ಲ’ ಅಂದಿರಲ್ಲ, ಅದರ ಬಗ್ಗೆ. ನಿಮ್ಮಂಥವರಿಗೂ ಇತ್ತು. 1967ರ ಹೊತ್ತಿಗೆ ಬ್ರಿಟನ್ನಿನ ಖಾಸಗಿ ಕಂಪನಿಗಳ ಪೆನ್ಷನ್ ಯೋಜನೆಗಳಲ್ಲಿ ಸುಮಾರು 80 ಲಕ್ಷ ಜನ ಇದ್ದರು, ಹೆಚ್ಚಿನವು ಸಂಬಳ ಆಧರಿಸಿದ ಭರವಸೆಯ ಪೆನ್ಷನ್. ಇವತ್ತು ಖಾಸಗಿ ಕಡೆ ಅಂಥ ಪೆನ್ಷನ್ ಇನ್ನೂ ಗಳಿಸುತ್ತಿರುವವರು 10 ಲಕ್ಷಕ್ಕಿಂತ ಕಡಿಮೆ. ಅದನ್ನು ನರ್ಸ್‌ಗಳು ಕಿತ್ತುಕೊಳ್ಳಲಿಲ್ಲ.

ಕಾರಣ ಒಂದಲ್ಲ. ಜನ ಹೆಚ್ಚು ವರ್ಷ ಬದುಕತೊಡಗಿದರು. ಬಡ್ಡಿ ದರ ಇಳಿಯಿತು. 80, 90ರ ದಶಕದಲ್ಲಿ ಷೇರುಗಳು ಏರುತ್ತಿದ್ದಾಗ ಎಷ್ಟೋ ಕಂಪನಿಗಳು ‘ನಿಧಿ ತುಂಬಿ ತುಳುಕುತ್ತಿದೆ’ ಅಂತ ವರ್ಷಗಟ್ಟಲೆ ಕಂತು ಕಟ್ಟುವುದನ್ನೇ ನಿಲ್ಲಿಸಿದವು. ಹೆಚ್ಚುವರಿ ಇಟ್ಟುಕೊಂಡರೆ ತೆರಿಗೆ ಅಂತ 1986ರಲ್ಲಿ ಸರ್ಕಾರವೇ ಅದಕ್ಕೆ ದಾರಿ ಮಾಡಿಕೊಟ್ಟಿತ್ತು. 1991ರಲ್ಲಿ ಮಿರರ್ ಪತ್ರಿಕೆಯ ಮಾಲೀಕ ರಾಬರ್ಟ್ ಮ್ಯಾಕ್ಸ್‌ವೆಲ್ ಸತ್ತ ಮೇಲೆ, ಅಲ್ಲಿನ ನೌಕರರ ನಿಧಿಯಿಂದ ಅವನು ಕೋಟ್ಯಂತರ ಪೌಂಡ್ ಎತ್ತಿದ್ದು ಬಯಲಾಯಿತು. ಅದರಿಂದ ಕಠಿಣ ಕಾನೂನು ಬಂತು, ಬರಲೇಬೇಕಿತ್ತು. 1997ರಲ್ಲಿ ಪೆನ್ಷನ್ ನಿಧಿಗಳಿಗೆ ಡಿವಿಡೆಂಡ್ ಮೇಲೆ ಸಿಗುತ್ತಿದ್ದ ತೆರಿಗೆ ವಾಪಸಾತಿ ಹೋಯಿತು. ಹಳ್ಳ ಬಿದ್ದದ್ದು ಲೆಕ್ಕಪತ್ರದಲ್ಲಿ ಕಾಣಿಸತೊಡಗಿದಾಗ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕಿದವು.

ಹೇಗೆ ಹಾಕಿದವು ಅನ್ನುವುದನ್ನು ನಾನೇ ನೋಡಿದ್ದೇನೆ. ನಾನು ಮೊದಲು ಸೇರಿದ ಕಂಪನಿಯಲ್ಲಿ ಕೊನೆಯ ಸಂಬಳದ ಪೆನ್ಷನ್ ಇತ್ತು. ಒಂದು ಬೆಳಗ್ಗೆ ಎಲ್ಲರ ಮೇಜಿನ ಮೇಲೂ ಎರಡು ಪುಟದ ಕಾಗದ. ಹೊಸ ಯೋಜನೆ ‘ಹೆಚ್ಚು ಸ್ವಾತಂತ್ರ್ಯ’ ಕೊಡುತ್ತದೆ ಅಂತ ಬರೆದಿತ್ತು. ಕ್ಯಾಂಟೀನಿನಲ್ಲಿ ಹತ್ತು ನಿಮಿಷ ಗೊಣಗಾಟ ನಡೆಯಿತು. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಕೆಲಸಕ್ಕೆ ಕೂತಿದ್ದೆವು. ಪೆನ್ಷನ್ ಲೆಕ್ಕ ಹಾಕುವುದೇ ನನ್ನ ಕೆಲಸ. ನಾನೂ ಸುಮ್ಮನೆ ಕೂತಿದ್ದೆ.

ಸುಮ್ಮನೆ ಕೂರದವರೂ ಇದ್ದಾರೆ. 2011ರ ಡಿಸೆಂಬರ್‌ನಲ್ಲಿ, ಸರ್ಕಾರಿ ನೌಕರರ ಆ ದೊಡ್ಡ ಮುಷ್ಕರ ಆಗಿ ಒಂಬತ್ತೇ ದಿನಕ್ಕೆ, ಯೂನಿಲಿವರ್‌ನ ಬ್ರಿಟನ್ ಕಾರ್ಖಾನೆಗಳಲ್ಲಿ ಪೆನ್ಷನ್‌ಗಾಗಿ ಮುಷ್ಕರ ನಡೆಯಿತು. ಕೆಲವು ರಿಯಾಯಿತಿ ಸಿಕ್ಕವು, ಕೊನೆಯ ಸಂಬಳದ ಪೆನ್ಷನ್ ಉಳಿಯಲಿಲ್ಲ. ವಿಶ್ವವಿದ್ಯಾಲಯಗಳ ಯುಎಸ್‌ಎಸ್ ಯೋಜನೆಯಲ್ಲಿ ಬೇರೆ ರೀತಿ ಆಯಿತು. ಅದು ನರ್ಸ್‌ಗಳದ್ದರ ಹಾಗೆ ಸರ್ಕಾರದ ಖಾತರಿ ಇರುವ ಯೋಜನೆ ಅಲ್ಲ, ಸ್ವಂತ ನಿಧಿ ಇರುವುದು. 2018ರಲ್ಲಿ ಅದನ್ನು ಪೂರ್ತಿ ಮಾರುಕಟ್ಟೆಗೆ ಬಿಡುವ ಪ್ರಸ್ತಾಪ ಬಂದಾಗ ಅಧ್ಯಾಪಕರು 14 ದಿನ ಮುಷ್ಕರ ಮಾಡಿದರು, ಪ್ರಸ್ತಾಪ ವಾಪಸ್ ಹೋಯಿತು. 2022ರಲ್ಲಿ ಮತ್ತೆ ಕಡಿತವಾಯಿತು, 2024ರ ಏಪ್ರಿಲ್‌ನಲ್ಲಿ ಅದನ್ನು ಮರಳಿ ಕೊಟ್ಟರು. ರಾಯಲ್ ಮೇಲ್ ಖಾಸಗಿಯಾದ ಮೇಲೂ ಅಲ್ಲಿನ ಅಂಚೆಯವರು 2017ರಲ್ಲಿ ಮುಷ್ಕರಕ್ಕೆ ಮತ ಹಾಕಿದರು. ಕೋರ್ಟ್ ತಡೆಯಿತು, ಮಾತುಕತೆ ನಡೆಯಿತು. ಕೊನೆಗೆ ಎಲ್ಲರ ಅಪಾಯವನ್ನೂ ಒಟ್ಟಿಗೆ ಹಂಚಿಕೊಳ್ಳುವ ಹೊಸ ಬಗೆಯ ಯೋಜನೆಯೊಂದು ಹುಟ್ಟಿ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಬ್ರಿಟನ್ನಿಗೆ ಅದು ಮೊದಲನೆಯದು. ಖಾಸಗಿಯವರಿಗೆ ಏನೂ ಸಾಧ್ಯವಿಲ್ಲ ಅನ್ನುವುದು ಪೂರ್ತಿ ನಿಜವಲ್ಲ.

‘ನನ್ನ ತೆರಿಗೆ ದುಡ್ಡಲ್ಲಿ’ ಅನ್ನುವುದು ಉಳಿಯಿತು. ಇದರಲ್ಲಿ ಹುರುಳಿದೆ. ಎನ್‌ಎಚ್‌ಎಸ್ ಪೆನ್ಷನ್‌ಗೆ ನಿಧಿ ಅಂತ ಎಲ್ಲೂ ಇಲ್ಲ. ಇವತ್ತು ಬರುವ ಕಂತು ಇವತ್ತಿನ ನಿವೃತ್ತರಿಗೆ ಹೋಗುತ್ತದೆ, ಸಾಲದಿದ್ದರೆ ಖಜಾನೆ ತುಂಬಿಕೊಡುತ್ತದೆ. ನಾಳಿನ ತೆರಿಗೆದಾರರ ಮೇಲೆ ಭಾರ ಇದೆ. ಆದರೆ ಆ ಭಾರದ ದೊಡ್ಡ ಅಂಕಿ ಹಿಡಿದು ಹೆದರಿಸುವವರನ್ನು ನಂಬಬೇಡಿ. ಸರ್ಕಾರದ ಲೆಕ್ಕಪತ್ರದಲ್ಲಿ, ಎಲ್ಲ ಸರ್ಕಾರಿ ನೌಕರರ ಪೆನ್ಷನ್ ಸೇರಿ, ಈ ಹೊಣೆ 2022ರಲ್ಲಿ ಸುಮಾರು 2.6 ಲಕ್ಷ ಕೋಟಿ ಪೌಂಡ್ ಇತ್ತು, ಮರುವರ್ಷ 1.4ರ ಹತ್ತಿರ ಬಂತು. ಯಾರ ಪೆನ್ಷನ್ನೂ ಕಡಿಮೆಯಾಗಲಿಲ್ಲ, ಲೆಕ್ಕಕ್ಕೆ ಬಳಸುವ ಬಡ್ಡಿ ದರ ಏರಿತು, ಅಷ್ಟೇ. ಪ್ರತಿ ವರ್ಷ ಪಾವತಿಸುವ ಪೆನ್ಷನ್ ದೇಶದ ಒಟ್ಟು ಉತ್ಪನ್ನದಲ್ಲಿ ಎಷ್ಟು ಪಾಲು ಅಂತ ನೋಡುವುದು ಮೇಲು. 2010–11ರಲ್ಲಿ 1.9 ಶೇಕಡಾ ಇದ್ದದ್ದು 2060ರ ಹೊತ್ತಿಗೆ 1.4ಕ್ಕೆ ಇಳಿಯುತ್ತದೆ ಅಂತ ಹಟ್ಟನ್ ವರದಿ ಅಂದಾಜು ಮಾಡಿತ್ತು.

ಮತ್ತೆ, ನಿಮ್ಮ ಪೆನ್ಷನ್‌ನಲ್ಲೂ ತೆರಿಗೆದಾರರ ದುಡ್ಡಿದೆ. 60,000 ಸಂಬಳಕ್ಕೆ ನೀವು 40 ಶೇಕಡಾ ತೆರಿಗೆಯ ಹಂತದಲ್ಲಿದ್ದೀರಿ. ನಿಮ್ಮ ಪಾಲಿನ ಐದು ಶೇಕಡಾ, 2,201 ಪೌಂಡ್, ಅದರಲ್ಲಿ ಸುಮಾರು 880 ತೆರಿಗೆ ರಿಯಾಯಿತಿ. ನಿಮ್ಮ ಮನೆಯವರಿಗೆ ಸಿಗುವುದು 20ರ ಲೆಕ್ಕದಲ್ಲಿ. ಆದರೆ ಯೋಜನೆಯ ಬಗೆಯನ್ನು ನೋಡಿ. ಕೆಲವು ಕಂಪನಿ ಯೋಜನೆಗಳಲ್ಲಿ ಮೊದಲ 20 ಶೇಕಡಾ ಮಾತ್ರ ತಾನಾಗಿ ಸೇರುತ್ತದೆ. ಉಳಿದ 20 ನೀವೇ ತೆರಿಗೆ ಇಲಾಖೆಗೆ ಕೇಳಿ ಪಡೆಯಬೇಕು. ನಾಲ್ಕು ವರ್ಷದಿಂದ ಕೇಳಿಲ್ಲದಿದ್ದರೆ ಈಗಲೇ ಕೇಳಿ, ಹಳೆಯದಕ್ಕೆ ನಾಲ್ಕು ವರ್ಷದ ಗಡುವಿದೆ.

ಊರಿಗೆ ವಾಪಸ್ ಹೋಗುವ ಮಾತು. ಯೋಜನೆಯಲ್ಲಿ ಎರಡು ವರ್ಷ ತುಂಬುವ ಮುಂಚೆ ಬಿಟ್ಟವರಿಗೆ ಅವರು ಕಟ್ಟಿದ ಕಂತು ವಾಪಸ್ ಸಿಗುತ್ತದೆ. ನಿಮ್ಮವರಿಗೆ ಆ ಹಂತ ದಾಟಿದೆ, ಅವರ ಪೆನ್ಷನ್ ಅಲ್ಲೇ ಉಳಿದು ಬೆಳೆಯುತ್ತದೆ. ಭಾರತದಲ್ಲಿ ಕೂತು ತೆಗೆದುಕೊಂಡರೂ ಹಣದುಬ್ಬರದ ಏರಿಕೆ ಸಿಗುತ್ತದೆ. ಇದನ್ನು ಬ್ರಿಟನ್ನಿನ ಸರ್ಕಾರಿ ವೃದ್ಧಾಪ್ಯ ಪೆನ್ಷನ್ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅದಕ್ಕೆ ಕನಿಷ್ಠ ಹತ್ತು ವರ್ಷದ ನ್ಯಾಷನಲ್ ಇನ್ಶುರೆನ್ಸ್ ಬೇಕು, ಪೂರ್ತಿಗೆ 35. ಭಾರತದಲ್ಲಿ ನೆಲೆಸಿದವರಿಗೆ ಅದು ಶುರುವಾದ ಮೊತ್ತದಲ್ಲೇ ನಿಂತುಬಿಡುತ್ತದೆ, ಏರುವುದೇ ಇಲ್ಲ. ವಾಪಸ್ ಹೋಗುವವರಿಗೆ ಎನ್‌ಎಚ್‌ಎಸ್ ಪೆನ್ಷನ್‌ನ ಬೆಲೆ ಇನ್ನೂ ಜಾಸ್ತಿ, ಕಡಿಮೆ ಅಲ್ಲ.

ನಿಮ್ಮ ಕಡೆಯ ಕೆಲಸ ಬೇರೆ. ಎಚ್‌ಆರ್‌ಗೆ ಒಂದು ಮೇಲ್ ಹಾಕಿ, ‘ನಾನು ಕಂತು ಏರಿಸಿದರೆ ಕಂಪನಿಯೂ ಏರಿಸುತ್ತದಾ, ಎಷ್ಟರವರೆಗೆ?’ ಅಂತ ಕೇಳಿ. ಕನಿಷ್ಠದಲ್ಲಿ ಸೇರಿಸಿ ಬಿಟ್ಟುಬಿಡುವುದು, ಕೇಳಿದವರಿಗೆ ಮಾತ್ರ ಹೆಚ್ಚು ಕೊಡುವುದು, ಇದು ಬಹಳ ಕಡೆ ನಡೆಯುತ್ತದೆ. ಆರೇಳು ಶೇಕಡಾವರೆಗೆ ಸರಿಸಮ ಕಟ್ಟುವ ಕಂಪನಿಗಳನ್ನು ನಾನು ನೋಡಿದ್ದೇನೆ. ಅಲ್ಲಿನ ನೌಕರರೇ ಅದನ್ನು ಕೇಳಿರಲಿಲ್ಲ. ಇಲ್ಲ ಅಂದರೆ, ಮುಂದಿನ ಸಲ ಆಫರ್ ಹಿಡಿದು ಕೂತಾಗ ಸಂಬಳದ ಜೊತೆ ಇದನ್ನೂ ಕೇಳಿ.

ಅದೇ ಮೇಲ್‌ನಲ್ಲಿ ನಾಮಿನಿ ಫಾರ್ಮ್ ಕೂಡ ತರಿಸಿಕೊಳ್ಳಿ. ನಿಮ್ಮ ಮನೆಯವರ ಯೋಜನೆಯಲ್ಲಿ ಸಂಗಾತಿಯ ಪೆನ್ಷನ್ ನಿಯಮದಲ್ಲೇ ಇದೆ, ಯಾರೂ ಬರೆದುಕೊಡಬೇಕಿಲ್ಲ. ನಿಮ್ಮ ಗಂಟು ಹಾಗಲ್ಲ. ಅದು ಯಾರಿಗೆ ಹೋಗಬೇಕು ಅಂತ ತೀರ್ಮಾನಿಸುವವರು ಮೊದಲು ನೋಡುವುದು ನೀವು ಬರೆದ ಫಾರ್ಮನ್ನೇ. ನಾನು ತೆರೆದ ಇಂಥ ಫಾರ್ಮ್‌ಗಳಲ್ಲಿ ಎಷ್ಟೋ ಖಾಲಿ ಇದ್ದವು. ಇನ್ನು ಕೆಲವರದರಲ್ಲಿ ಮದುವೆಗೆ ಮುಂಚೆ ಬರೆದ ಅಪ್ಪ–ಅಮ್ಮನ ಹೆಸರೇ ಇತ್ತು.